ಅತ್ತಿಗೆಯ ಮೂಗಿನಿಂದ ಬೇಯಿಸಿದ ಬ್ಯಾರನ್

ಆಗಸ್ಟ್ 18, ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಬ್ಯಾರನ್ನಿನ ಒಲೆಗೆ ನಾನೇ ಬೆಂಕಿ ಹಚ್ಚಿದೆ. ಒಳಗೆ 612 ಕಡ್ಡಿ ಹಸಿ ಹೊಗೆಸೊಪ್ಪು ತೂಗುತ್ತಿತ್ತು. ಹೊರಗೆ ಜಿಟಿಜಿಟಿ ಮಳೆ ಹಿಡಿದಿತ್ತು. ನನ್ನ ಮೂಗಿಗೆ ಯಾವ ವಾಸನೆಯೂ ಬಾರದೆ ಅಂದಿಗೆ ಹದಿಮೂರನೆಯ ದಿನ. ಈ ಕೊನೆಯ ಸಂಗತಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಮನೆಯವರಿಗೆ ಗೊತ್ತಿತ್ತು.

ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕಿದೆ. ಇಲ್ಲಿ ಮಳೆಗಾಲ ಎಂದರೆ ಹೊಗೆಸೊಪ್ಪು ಬೇಯಿಸುವ ಕಾಲ. ಬೇಯಿಸುವುದು ಎಂದರೂ ನೀರಿನಲ್ಲಿ ಅಲ್ಲ, ಬಿಸಿಗಾಳಿಯಲ್ಲಿ. ಬ್ಯಾರನ್ ಎಂಬುದು ಕಿಟಕಿಯಿಲ್ಲದ, ಎತ್ತರದ ಇಟ್ಟಿಗೆ ಮನೆ. ಒಲೆ ಹೊರಗಡೆ ಇರುತ್ತದೆ. ಅದರ ಬಿಸಿ ನೆಲದ ಮೇಲೆ ಹಾಯಿಸಿದ ತಗಡಿನ ಕೊಳವೆಗಳಲ್ಲಿ ಸುತ್ತಿ ಹೊಗೆಗೂಡಿನಿಂದ ಹೊರಗೆ ಹೋಗುತ್ತದೆ. ಕೊಳವೆಗಳ ಮೇಲೆ ಆರು ಅಂತಸ್ತಿನಲ್ಲಿ ಸೊಪ್ಪು ಕಟ್ಟಿದ ಕಡ್ಡಿಗಳು ತೂಗುತ್ತವೆ. ಗೋಡೆಯ ಬುಡದಲ್ಲಿ ಎಂಟು ಕಿಂಡಿ, ಸೂರಿನ ಕೆಳಗೆ ನಾಲ್ಕು. ಅವನ್ನು ತೆಗೆದು ಮುಚ್ಚಿ ಒಳಗಿನ ಗಾಳಿಯ ತೇವವನ್ನು ಆಳಬೇಕು. ಮೊದಲು ಸೊಪ್ಪು ಹಳದಿಯಾಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ಎಲೆಯ ನಡುವಿನ ದಂಟು ಒಣಗಬೇಕು. ಆರು ದಿನದ ಕೆಲಸ. ಒಲೆ ಹಚ್ಚಿದವರು ಸೊಪ್ಪು ಇಳಿಸುವ ತನಕ ಬ್ಯಾರನ್ ಬಿಟ್ಟು ಹೋಗಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಬ್ಯಾರನ್ನಿನ ಜಗಲಿಯಿಂದ ಮನೆಯ ಹಿತ್ತಿಲ ಬಾಗಿಲಿಗೆ ಮೂವತ್ತೆಂಟು ಹೆಜ್ಜೆ. ಆರು ದಿನ ನನ್ನ ಲೋಕ ಅಷ್ಟೇ.

ನಮ್ಮ ಬ್ಯಾರನ್ನಿನಲ್ಲಿ ಇರುವುದು ಒಂದೇ ಥರ್ಮಾಮೀಟರ್. ತೇವ ತಿಳಿಯಲು ಒದ್ದೆ ಬಟ್ಟೆ ಸುತ್ತಿದ ಇನ್ನೊಂದನ್ನು ಪಕ್ಕದಲ್ಲಿ ನೇತುಹಾಕುತ್ತಾರೆ. ನಮ್ಮದು ಹೋದ ವರ್ಷ ಒಡೆಯಿತು, ಬ್ಯಾರನ್ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪ ಹೊಸದು ತರಲಿಲ್ಲ. ಅವರಿಗೆ ಬೇಕಿರಲಿಲ್ಲ. ಕಿಂಡಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಒಮ್ಮೆ ಉಸಿರೆಳೆದುಕೊಂಡರೆ ಒಳಗೆ ಏನು ನಡೆಯುತ್ತಿದೆ ಎಂದು ಹೇಳುತ್ತಿದ್ದರು. ಈ ವರ್ಷ ಅವರಿಗೆ ಕಣ್ಣಿನ ಪೊರೆ ತೆಗೆಸುವ ದಿನ ಗೊತ್ತಾಯಿತು. ಆಪರೇಷನ್ ಎಚ್.ಡಿ. ಕೋಟೆಯಲ್ಲಿ. ಆಮೇಲೆ ಅಲ್ಲೇ ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರ ಇರುವ ಮಗಳ ಮನೆಯಲ್ಲಿ ಉಳಿಯಬೇಕು, ಬೆಂಕಿ ಹೊಗೆಯ ಹತ್ತಿರ ಸುಳಿಯಬಾರದು. ಎರಡು ವರ್ಷದಿಂದ ಬ್ಯಾರನ್ ನನಗೆ ಬಿಡಿ ಎಂದು ಕೇಳುತ್ತಿದ್ದವಳು ನಾನು. ಹೊರಗಿನಿಂದ ಆಳು ಕರೆಸೋಣ ಎಂದು ಅವ್ವ ಹೇಳಿದಾಗ ದೊಡ್ಡಪ್ಪನೇ ಬೇಡವೆಂದರು.

ಹೊರಡುವ ಮುನ್ನ ಹನ್ನೊಂದು ಸಾಲು ಬರೆಸಿದರು. ಎಷ್ಟು ಡಿಗ್ರಿ, ಎಷ್ಟು ಹೊತ್ತು, ಯಾವ ಕಿಂಡಿ. ಡಿಗ್ರಿಯೆಲ್ಲ ಫ್ಯಾರನ್‌ಹೀಟ್. ಬರೆದು ಮುಗಿಸಿದ ಮೇಲೆ, “ಇದ್ನೇ ನಂಬ್ಕೊಂಡು ಕೂರ್ಬ್ಯಾಡ ಕಣಮ್ಮಿ. ಥರ್ಮಾಮೀಟ್ರು ಕಾವು ಯೋಳ್ತದೆ, ಅಷ್ಟೇಯ. ಮಿಕ್ಕುದ್ದಕ್ಕೆ ಮೂಗದೆ ನಿಂಗೆ” ಎಂದರು.

ಆಗಸ್ಟ್ 6ರಂದು ಬಂದ ನೆಗಡಿ ಜ್ವರ ನಾಲ್ಕು ದಿನಕ್ಕೆ ಹೋಗಿತ್ತು, ವಾಸನೆ ಮರಳಿರಲಿಲ್ಲ. ಅಡುಗೆಮನೆಯಲ್ಲಿ ನನ್ನ ಪಕ್ಕದಲ್ಲೇ ಹಾಲು ಸೀದು ಪಾತ್ರೆ ಕಪ್ಪಾದಾಗ ಗೊತ್ತಾಯಿತು. ಅಂದಿನಿಂದ ದಿನಾ ಬೆಳಿಗ್ಗೆ ಆರು ವಸ್ತು ಮೂಸಿ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ: ಬೆಳ್ಳುಳ್ಳಿ, ಕಾಫಿಪುಡಿ, ನಿಂಬೆಸಿಪ್ಪೆ, ಡೀಸೆಲ್, ಸಗಣಿ, ತಲೆನೋವಿನ ಮುಲಾಮು. ಐದಕ್ಕೆ ಸೊನ್ನೆ. ಮುಲಾಮು ಮಾತ್ರ ಮೂಗಿನೊಳಗೆ ತಣ್ಣಗೆ ಚುಚ್ಚುತ್ತಿತ್ತು, ಆದರೆ ಅದು ಚುಚ್ಚು, ವಾಸನೆಯಲ್ಲ. ಹೊಗೆಯೂ ಹಾಗೆಯೇ. ಕಣ್ಣು ಉರಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಸುಡುತ್ತಿರುವುದು ಸೌದೆಯೋ ಸೊಪ್ಪೋ ಗೊತ್ತಾಗುತ್ತಿರಲಿಲ್ಲ. ಸಾರು ಬಾಯಿಗೆ ಹುಳಿಯಾಗಿ, ಉಪ್ಪಾಗಿ, ಖಾರವಾಗಿ ಇರುತ್ತಿತ್ತು, ಆದರೆ ಯಾವ ಸಾರು ಎಂದು ಹೇಳಲು ತಟ್ಟೆ ನೋಡಬೇಕಿತ್ತು. ಆರೋಗ್ಯ ಕೇಂದ್ರದ ಡಾಕ್ಟರು ಕಾದು ನೋಡು, ಬರದಿದ್ದರೆ ಮೈಸೂರಿಗೆ ಹೋಗು ಎಂದರು.

ಹೇಳಿಬಿಡಬಹುದಿತ್ತು. ಆದರೆ ಸೊಪ್ಪು ಕೊಯ್ದಾಗಿತ್ತು, ಕಡ್ಡಿಗೆ ಕಟ್ಟಿಯಾಗಿತ್ತು. ಕಟ್ಟಿದ ಸೊಪ್ಪು ಕಾಯುವುದಿಲ್ಲ. ಬೇಯಿಸಲು ಬಲ್ಲ ಗಂಡಸರೆಲ್ಲ ಆ ವಾರ ತಮ್ಮ ತಮ್ಮ ಬ್ಯಾರನ್ನಿನ ಮುಂದೆ ಕೂತಿದ್ದರು. ಇವತ್ತೋ ನಾಳೆಯೋ ಬಂದೀತು ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ಬೆಂಕಿ ಹಚ್ಚಿದ ಮೇಲೆ ಬಾಯಿ ತೆರೆಯುವ ದಾರಿಯೂ ಮುಚ್ಚಿತು.

ಮೊದಲ ದಿನ 95 ಡಿಗ್ರಿಯಲ್ಲಿ ಹಿಡಿದೆ. ಕಿಂಡಿಗಳೆಲ್ಲ ಮುಚ್ಚಿದ್ದವು. ರಾತ್ರಿ ಕೆಲವು ಗಂಟೆ ಅವ್ವ ಸೌದೆ ನೋಡಿಕೊಂಡು ನನ್ನನ್ನು ಮಲಗಿಸಿದಳು. 19ರ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನ್ ಬಂತು.

“ಎಷ್ಟದೆ?”

“ತೊಂಬತ್ತೆಂಟು, ದೊಡ್ಡಪ್ಪ.”

“ಸಿಹಿ ಬಂತಾ?”

ಹಳದಿ ತುಂಬಿದಾಗ ಬ್ಯಾರನ್ನಿನಿಂದ ಬರುವ ಒಂದು ವಾಸನೆಗೆ ಅವರು ಸಿಹಿ ಎನ್ನುತ್ತಾರೆ. ಅದು ಬಂದ ಮೇಲೆಯೇ ಕಿಂಡಿ ತೆಗೆಯಲು ಶುರುಮಾಡಬೇಕು. ಮೊದಲೇ ತೆಗೆದರೆ ಸೊಪ್ಪು ಹಸಿರಲ್ಲೇ ನಿಲ್ಲುತ್ತದೆ, ತಡವಾದರೆ ಕಂದುತ್ತದೆ. ಅವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದರು. ಫೋಟೋ ಕಳಿಸುವಂತೆಯೂ ಇರಲಿಲ್ಲ.

“ಇನ್ನೂ ಇಲ್ಲ. ಬತ್ತದೆ ಬುಡಿ” ಎಂದೆ. ಪುಸ್ತಕದಲ್ಲಿ ‘ಸುಳ್ಳು 1’ ಎಂದು ಬರೆದುಕೊಂಡೆ.

ಬಾಗಿಲಿನ ಗಾಜಿನಲ್ಲಿ ಕೆಳಗಿನ ಅಂತಸ್ತು ಮಾತ್ರ ಕಾಣುತ್ತದೆ. ಅಲ್ಲಿ ಹಳದಿ ಏರುತ್ತಿತ್ತು. ಮೇಲಿನದು ಗೊತ್ತಿಲ್ಲ. ಬೇರೆಯವರ ಮೂಗು ಬಳಸಿದರೆ ಹೇಗೆ ಎಂದು ಆಗ ಹೊಳೆಯಿತು. ದೊಡ್ಡಪ್ಪ ಹೊರಡುವ ಮುನ್ನ ಬೇಯಿಸಿದ್ದ ಬ್ಯಾರನ್ನಿನ ಒಣಸೊಪ್ಪನ್ನು ಹೆಂಗಸರು ಪಕ್ಕದ ಕೊಟ್ಟಿಗೆಯಲ್ಲಿ ಕೂತು ವಿಂಗಡಿಸುತ್ತಿದ್ದರು. ಅವರಲ್ಲಿ ಹಿರಿಯಳನ್ನು ಕಿಂಡಿಯ ಹತ್ತಿರ ಕರೆದೆ.

“ಅಕ್ಕ, ಇಲ್ಲಿ ನಿಂತ್ಕೊಂಡು ಯೋಳು. ಏನ್ ವಾಸ್ನೆ ಬತ್ತಾ ಅದೆ?”

“ಇನ್ನೇನ್ ಬತ್ತದೆ? ಒಗೆಸೊಪ್ಪಿನ ತಾವ ಮಲ್ಗೆ ಊವಿನ ವಾಸ್ನೆ ಬತ್ತದಾ?”

“ಸಿಹಿ ಅನ್ನಂಗೆ ಏನಾದ್ರೂ?”

“ಸಿಹಿ ಬೇಕಾರೆ ನಿಮ್ಮವ್ವನ್ ಕೇಳೋಗು, ಬೆಲ್ಲ ಕೊಡ್ತಾಳೆ.” ಕೊಟ್ಟಿಗೆಯೊಳಗೆ ಎಲ್ಲರೂ ನಕ್ಕರು.

ಅವ್ವನೂ ಸೇರಿ ಆರು ಜನರನ್ನು ಕೇಳಿದೆ. ಆರು ಜನರೂ ಏನೂ ಇಲ್ಲ ಎಂದರು. ಅವರ ಮಾತು ಸುಳ್ಳಲ್ಲ. ಬೆಳಗಿನಿಂದ ಸಂಜೆಯ ತನಕ ಸೊಪ್ಪಿನ ನಡುವೆ ಕೂರುವವರ ಮೂಗು ಸೊಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಟ್ಟಿರುತ್ತದೆ. ನನ್ನದು ಸತ್ತ ಮೂಗು, ಅವರದು ಪಳಗಿದ ಮೂಗು. ಬ್ಯಾರನ್ನಿಗೆ ಎರಡೂ ಒಂದೇ.

ಸಂಜೆ 4-10ಕ್ಕೆ ಅತ್ತಿಗೆ ಕಾಫಿ ತಂದಳು. ಅಣ್ಣನನ್ನು ಮದುವೆಯಾಗಿ ಮೂರು ತಿಂಗಳು. ಅಣ್ಣ ಹುಣಸೂರಿನ ಟ್ರ್ಯಾಕ್ಟರ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಭಾನುವಾರ ಬರುತ್ತಾನೆ. ಅವಳ ತವರು ಕೆ.ಆರ್. ನಗರದ ಕಡೆಯ ನಾಲೆ ಬಯಲು, ಭತ್ತದ ಊರು. ಹೊಗೆಸೊಪ್ಪಿನ ವಾಸನೆ ಅವಳಿಗೆ ಒಗ್ಗಿರಲಿಲ್ಲ. ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು, ಲೋಟವನ್ನು ದೂರದ ಕಲ್ಲಿನ ಮೇಲಿಟ್ಟು ಓಡುತ್ತಿದ್ದಳು. ‘ರೇಷ್ಮೆ ಮೂಗಿನ ಸೊಸೆ’ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಅಂದು ಲೋಟ ಇಟ್ಟು, “ಥೂ, ನೆನ್ನೆ ಬರೀ ಹಸಿ ಸೊಪ್ಪು ನಾರ್ತಿತ್ತು. ಇವತ್ತು ಅದ್ರ ಮ್ಯಾಲೆ ಬೆಲ್ಲದ ಪಾಕ ಬೇರೆ. ಅದೆಂಗೆ ಕೂತಿದೀಯೆ ತಾಯಿ” ಎಂದಳು.

ನಾನು ಎದ್ದು ನಿಂತೆ. “ಬೆಲ್ಲದ ಪಾಕ ಅಂದ್ಯಾ ಅತ್ಗೆ? ನಿಜವಾಗ್ಲೂ?”

“ಆಡ್ಕೊ, ನೀನೂ ಆಡ್ಕೊ” ಎಂದು ಮುಖ ತಿರುಗಿಸಿ ಹೋದಳು.

4-20ಕ್ಕೆ ಮೇಲಿನ ಕಿಂಡಿಗಳನ್ನು ನಾಲ್ಕು ಬೆರಳು, ಕೆಳಗಿನವನ್ನು ಎರಡು ಬೆರಳು ತೆಗೆದೆ. ಮರುದಿನದ ಫೋನಿಗೆ, “ಸಿಹಿ ಬಂತು ದೊಡ್ಡಪ್ಪ, ನಾಕೂಕಾಲಿಗೆ” ಎಂದೆ. “ಸರಿಯಾದ ಒತ್ತು” ಎಂದರು. ಅದನ್ನು ಸುಳ್ಳು ಎಂದು ಬರೆಯಲೋ ನಿಜ ಎಂದು ಬರೆಯಲೋ ತಿಳಿಯದೆ ಖಾಲಿ ಬಿಟ್ಟೆ.

20ನೇ ತಾರೀಖು ಶಾಖ 112 ಡಿಗ್ರಿಗೆ ಬಂದಿತ್ತು. ಸೊಪ್ಪಿನ ನೀರು ಹೊರಗೆ ಹೋಗಬೇಕಾದ ದಿನ. ಬೆಳಿಗ್ಗೆ 9-30ಕ್ಕೆ ತಿಂಡಿ ತಂದ ಅತ್ತಿಗೆಯನ್ನು ನಾನೇ ತಡೆದೆ.

“ಇವತ್ತೆಂಗದೆ ವಾಸ್ನೆ?”

“ನಿಂಗ್ಯಾಕೆ?”

“ಸುಮ್ಕೆ ಯೋಳು ಅತ್ಗೆ.”

ಅವಳು ಸೆರಗು ಸರಿಸಿ ಒಂದು ಗಳಿಗೆ ನಿಂತಳು. “ಕಾವು ಜಾಸ್ತಿ ಆದಂಗದೆ. ಭತ್ತಕ್ಕೆ ಕಾವು ಜಾಸ್ತಿ ಆಗೋಯ್ತದಲ್ಲ, ಅಂಗೆ.”

ನಾನು ಕೇಳಿಸಿಕೊಂಡದ್ದು ಮೊದಲ ಎರಡು ಪದ. ಕಾವು ಜಾಸ್ತಿ. ನಮ್ಮ ಮನೆಯಲ್ಲಿ ಕಾವು ಎಂದರೆ ಒಲೆಯ ಬೆಂಕಿ, ಬೇರೆ ಅರ್ಥವೇ ಇಲ್ಲ. ಥರ್ಮಾಮೀಟರ್ ಸರಿಯಾಗಿಯೇ ತೋರಿಸುತ್ತಿತ್ತು. ಆದರೂ ಹಿಂದಿನ ದಿನ ಅವಳ ಮೂಗು ಸರಿಯಾಗಿತ್ತು, ದೊಡ್ಡಪ್ಪನೂ ಥರ್ಮಾಮೀಟರ್ ನಂಬಬೇಡ ಎಂದಿದ್ದರು. ಒಲೆಯಿಂದ ಮೂರು ಕೊರಡು ಹೊರಗೆಳೆದೆ. ಸೊಪ್ಪು ಬೇಗ ಒಣಗದಿರಲೆಂದು ಕೆಳಗಿನ ಕಿಂಡಿಗಳನ್ನು ಅರ್ಧ ಮುಚ್ಚಿದೆ. ಹನ್ನೊಂದಕ್ಕೆ 108 ಡಿಗ್ರಿ, ಒಂದಕ್ಕೆ 105. ಗಾಜಿನಲ್ಲಿ ಕಾಣುವ ಸೊಪ್ಪು ಚಿನ್ನದ ಹಾಗಿತ್ತು. ನನ್ನ ಬಗ್ಗೆ ನನಗೇ ಮೆಚ್ಚಿಗೆಯಾಯಿತು.

ಮೂರು ಗಂಟೆಗೆ ಗಾಜಿನ ಒಳಮೈಯಲ್ಲಿ ನೀರು ಹನಿಗಟ್ಟಿ ಇಳಿಯುತ್ತಿತ್ತು. ಅದು ಆ ಹೊತ್ತಿಗೆ ಇರಬಾರದು. 3-20ಕ್ಕೆ ಏಣಿ ಹಾಕಿ ಮೇಲಿನ ಕಿಂಡಿಯಿಂದ ಕೈ ತೂರಿಸಿದೆ. ಬೆರಳಿಗೆ ಸಿಕ್ಕ ಎಲೆ ಹಿಂಡದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಒಂದು ಚೂರು ಕಿತ್ತು ಬೆಳಕಿಗೆ ತಂದೆ. ನರಗಳ ಪಕ್ಕ ಕಂದು ಕಲೆ. ಸೊಪ್ಪು ತನ್ನ ನೀರಿನಲ್ಲೇ ಬೇಯುತ್ತಿತ್ತು.

ಏಣಿಯಿಂದಲೇ ಕೂಗಿದೆ. ಅತ್ತಿಗೆ ಹಿತ್ತಿಲ ಬಾಗಿಲಿಗೆ ಬಂದಳು.

“ಕಾವು ಜಾಸ್ತಿ ಅಂದೆಯಲ್ಲ, ಬೆಂಕಿ ತಗ್ಸಿಬುಟ್ಟೆ ನಾನು!”

“ಬೆಂಕಿ ಎಲ್ಲಿಂದ ಬಂತೇ? ಭತ್ತಕ್ಕೆ ಕಾವು ಕೊಡಕ್ಕೆ ಬೆಂಕಿ ಇಕ್ತಾರಾ ಯಾರಾದ್ರೂ?”

ಬಿತ್ತನೆ ಭತ್ತವನ್ನು ನೆನೆಸಿ, ಗೋಣಿಯಲ್ಲಿ ಕಟ್ಟಿ, ಮೇಲೆ ಹುಲ್ಲು ಹೊದಿಸಿ ಕಲ್ಲು ಹೇರಿ ಮೊಳಕೆಗೆ ಇಡುತ್ತಾರಂತೆ. ಒಳಗೆ ತಾನಾಗಿ ಬೆಚ್ಚಗಾಗುತ್ತದೆ. ಅವರ ಊರಿನಲ್ಲಿ ಅದಕ್ಕೆ ಕಾವು ಎನ್ನುತ್ತಾರೆ. ಬಿಚ್ಚುವುದು ತಡವಾದರೆ ಕಾವು ಜಾಸ್ತಿಯಾಗಿ ಲೋಳೆಗಟ್ಟಿ ಹುಳಿ ನಾರುತ್ತದೆ. ಅವಳು ಬೆಳಿಗ್ಗೆಯೇ ಸರಿಯಾಗಿ ಹೇಳಿದ್ದಳು: ಒಳಗೆ ತೇವ ಉಸಿರುಗಟ್ಟಿದೆ, ಬಿಚ್ಚು ಎಂದು. ನಾನು ಗೋಣಿಯ ಬಾಯಿಯನ್ನು ಇನ್ನಷ್ಟು ಬಿಗಿದಿದ್ದೆ.

“ನೀನೇ ಒಂದ್ಸಲ ಮೂಸುದ್ರೆ ಗೊತ್ತಾಗ್ತಿರ್ಲಿಲ್ವಾ?” ಎಂದಳು.

ಏಣಿಯ ಮೇಲೆ ನಿಂತೇ ಹೇಳಿದೆ. ಹದಿನೈದು ದಿನದಿಂದ ಏನೂ ಬರುತ್ತಿಲ್ಲ ಎಂದೆ.

ಅವಳು ನಗಲಿಲ್ಲ. “ಅಂಗಾರೆ ಕೇಳ್ದಂಗೆ ನನ್ ಮೂಗ ಇಸ್ಕೊಂಡಿದ್ದೆ ಅನ್ನು. ನಾನು ಇವ್ಳೂ ಎಲ್ರಂಗೆ ಆಡ್ಕೊತಾವ್ಳೆ ಅನ್ಕೊಂಡಿದ್ದೆ.” ಆಮೇಲೆ, “ಮಾವಂಗೆ ಯೋಳು” ಎಂದಳು.

“ಸೊಪ್ಪು ಇಳಿಸ್ಲಿ, ಯೋಳ್ತೀನಿ.”

“ಆಪ್ರೇಸನ್ ಆಗಿರೋದು ಅವ್ರ್ ಕಣ್ಣಿಗೆ ಕಣೆ, ಕಿವಿಗಲ್ಲ.”

ಮೇಲಿನ ನಾಲ್ಕು, ಕೆಳಗಿನ ಎಂಟು ಕಿಂಡಿಗಳನ್ನು ಪೂರ್ತಿ ತೆಗೆದೆ. ಒಲೆಗೆ ಒಣಗಿದ ಸೌದೆ ತುಂಬಿದೆ. ದೊಡ್ಡಪ್ಪನ ಹನ್ನೊಂದು ಸಾಲಿನಲ್ಲಿ ಈ ಹೊತ್ತಿಗೆ ಕಿಂಡಿ ಪೂರ್ತಿ ತೆಗೆಯುವ ಮಾತಿರಲಿಲ್ಲ. ಆ ಪುಟ ಮಡಚಿಟ್ಟು ಅತ್ತಿಗೆಯ ಮಾತಿನ ಮೇಲೆ ನಡೆಯುವುದೆಂದು ಅಂದು ತೀರ್ಮಾನಿಸಿದೆ. 6-30ಕ್ಕೆ 115 ಡಿಗ್ರಿ. ಗಾಜಿನ ಹನಿ ಆರಿತು.

ಮರುದಿನದಿಂದ ಕ್ರಮ ಮಾಡಿಕೊಂಡೆವು. ದಿನಕ್ಕೆ ಎಂಟು ಸಲ ಅವಳು ಮನೆಯೊಳಗಿನಿಂದ ನೇರವಾಗಿ ಬರಬೇಕು. ಮೂರು ಉಸಿರು ಮಾತ್ರ ಎಳೆದುಕೊಳ್ಳಬೇಕು, ಏಕೆಂದರೆ ಹತ್ತನೆಯ ಉಸಿರಿಗೆ ಅವಳ ಮಾತು ಕಡಿಮೆಯಾಗುವುದನ್ನು ನಾನು ಗಮನಿಸಿದ್ದೆ. ಬಾಯಿಗೆ ಬಂದ ಮೊದಲ ಮಾತು ಹೇಳಬೇಕು. ಅದನ್ನು ನಾನು ಎಡಗಡೆ ಬರೆದು, ಬಲಗಡೆ ಡಿಗ್ರಿ ಮತ್ತು ಏಣಿ ಹತ್ತಿ ಮುಟ್ಟಿ ನೋಡಿದ ಎಲೆಯ ಸ್ಥಿತಿ ಬರೆಯಬೇಕು. ‘ಬೇಯಿಸಿದ ಭತ್ತ ಹರವಿದಂಗೆ’ ಎಂದಾಗ ಎಲೆ ಅಂಚಿನಲ್ಲಿ ಗರಿಗರಿಯಾಗಿತ್ತು. ‘ಹಳೇ ಹುಲ್ಲಿನ ಮೆದೆ’ ಎಂದಾಗ ಎಲೆಯೆಲ್ಲ ಒಣಗಿ ದಂಟು ಮಾತ್ರ ಹಸಿಯಿತ್ತು. ಒಮ್ಮೆ ‘ಎಮ್ಮೆ’ ಎಂದಳು. ನೋಡಿದರೆ ನಿಜವಾಗಿಯೂ ಹಿಂದೆ ಎಮ್ಮೆ ಬಂದು ನಿಂತಿತ್ತು.

ಬೆಳಗಿನ ಫೋನಿನಲ್ಲಿ ಅವಳ ಮಾತನ್ನು ನನ್ನ ಮಾತಾಗಿ ಹೇಳುತ್ತಿದ್ದೆ. ದೊಡ್ಡಪ್ಪ ಒಮ್ಮೆ, “ಹುಲ್ಲಿನ ಮೆದೆನಾ? ಯಾವತ್ತಿಂದ ಅಂಗ್ ಮಾತಾಡಕ್ ಕಲ್ತೆ?” ಎಂದರು. ನಾನು ಮಳೆಯ ಬಗ್ಗೆ ಮಾತು ತಿರುಗಿಸಿದೆ. ಸುಳ್ಳಿನ ಲೆಕ್ಕ ಏಳಕ್ಕೆ ಏರಿತ್ತು. ಜಗಲಿ, ಮಳೆಗೆ ಕಟ್ಟಿದ ತಾಡಪಾಲು, ಒಲೆಯ ಬಾಯಿ, ಮತ್ತೆ ಜಗಲಿ. ಗಾಜಿನ ಆಚೆಗಿನ ಸೊಪ್ಪಿಗಿಂತ ನಾನೇ ಹೆಚ್ಚು ಮುಚ್ಚಿದ ಕಡೆ ಕೂತಿದ್ದೇನೆ ಎನ್ನಿಸುತ್ತಿತ್ತು.

22ನೇ ತಾರೀಖು, ಬೆಳಿಗ್ಗೆ 10-50. ಶಾಖ 152 ಡಿಗ್ರಿ. ದಂಟು ಒಣಗುವ ಹಂತ, ಕೊಳವೆಗಳು ಅತಿ ಹೆಚ್ಚು ಕಾದಿರುವ ಹೊತ್ತು. ಅತ್ತಿಗೆ ಬಂದು ಒಂದೇ ಉಸಿರಿಗೆ ನಿಂತುಬಿಟ್ಟಳು.

“ರೊಟ್ಟಿ ತಟ್ಟಿದ ಬಾಳೆ ಎಲೆ ಕಾದ ಹಂಚಿನ್ ಮ್ಯಾಲೆ ಸೀದಂಗದೆ.”

ಗಾಜಿನಲ್ಲಿ ಏನೂ ಕಾಣಲಿಲ್ಲ. ಥರ್ಮಾಮೀಟರ್ ಅಲುಗಿರಲಿಲ್ಲ. ಗೋಡೆಗೆ ಕಿವಿ ಇಟ್ಟೆ, ಒಲೆಯ ಸದ್ದು ಬಿಟ್ಟು ಬೇರೆ ಕೇಳಲಿಲ್ಲ. ಆದರೆ ಆ ಮಾತಿಗೆ ಅರ್ಥ ಹುಡುಕಬೇಕಿರಲಿಲ್ಲ. ಕಡ್ಡಿಯಿಂದ ಜಾರಿದ ಎಲೆ ಕೆಂಡದಂತೆ ಕಾದ ಕೊಳವೆಯ ಮೇಲೆ ಬಿದ್ದಿದೆ. ಅದು ಹತ್ತಿಕೊಂಡರೆ ಮೇಲೆ ತೂಗುತ್ತಿರುವುದು 612 ಕಡ್ಡಿ ಒಣಸೊಪ್ಪು, ಅದರ ಮೇಲೆ ಮರದ ತೊಲೆಗಳು. ನಮ್ಮೂರಿನಲ್ಲಿ ಹತ್ತಿಕೊಂಡ ಬ್ಯಾರನ್ ಉಳಿಸಿಕೊಂಡವರನ್ನು ನಾನು ನೋಡಿಲ್ಲ. ಅದರ ಹಿಂದೆ ಮೂವತ್ತೆಂಟು ಹೆಜ್ಜೆಯಲ್ಲಿ ಮನೆ.

ಬೆಂಕಿ ಇರುವಾಗ ಬ್ಯಾರನ್ನಿನ ಬಾಗಿಲು ತೆಗೆಯಬಾರದು. ಗಾಳಿ ಸಿಕ್ಕರೆ ಕಿಡಿ ಉರಿಯಾಗುತ್ತದೆ. ತೆಗೆಯದಿದ್ದರೆ ಎಲೆ ಎಲ್ಲಿದೆ ಎಂದು ತಿಳಿಯುವುದಿಲ್ಲ. ನಾನು ಫೋನ್ ಮಾಡಿದೆ.

“ಸೊಪ್ಪು ಸೀದ ವಾಸ್ನೆ ಬತ್ತಾ ಅದೆ ದೊಡ್ಡಪ್ಪ.”

“ಸೊಪ್ಪು ಸೀದುದ್ದಾ, ಕಡ್ಡಿ ಸೀದುದ್ದಾ? ಸರ್ಯಾಗ್ ಯೋಳು. ಕಡ್ಡಿ ಆದ್ರೆ ಮ್ಯಾಲೆ ಹತ್ಕೊಂಡದೆ ಅಂತ. ಒಳೀಕ್ ಓಗ್ಬ್ಯಾಡ.”

“ನಂಗೆ ಗೊತ್ತಾಗಲ್ಲ.”

“ಗೊತ್ತಾಗಲ್ಲ ಅಂದ್ರೆ?”

“ನಂಗೆ ವಾಸ್ನೆ ಬರಲ್ಲ ದೊಡ್ಡಪ್ಪ. ಜ್ವರ ಬಂದಾಗ್ನಿಂದ. ಇಷ್ಟ್ ದಿನ ಅತ್ಗೆ ಮೂಸಿದ್ದು.”

“ಅವ್ಳ್ ಕೈಗ್ ಕೊಡು.”

ನಮ್ಮಲ್ಲಿ ಹೊಸ ಸೊಸೆ ಗಂಡನ ದೊಡ್ಡಪ್ಪನ ಎದುರಿಗೆ ನಿಂತು ಮಾತಾಡುವುದಿಲ್ಲ. ಏನಿದ್ದರೂ ಅವ್ವನ ಮೂಲಕವೋ ನನ್ನ ಮೂಲಕವೋ. ಮೂರು ತಿಂಗಳಲ್ಲಿ ಅವರಿಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ. ಅತ್ತಿಗೆ ಫೋನನ್ನು ಹಾವಿನ ಹಾಗೆ ನೋಡಿದಳು. “ಬಾಳೆ ಎಲೆ ಅಂತ ನೀನೇ ಯೋಳೆ” ಎಂದು ಪಿಸುಗುಟ್ಟಿದಳು. ಸ್ಪೀಕರಿನಲ್ಲಿ ದೊಡ್ಡಪ್ಪನ ದನಿ ಬಂತು: “ನಾಚ್ಕೆ ಆಮ್ಯಾಕ್ ಇಟ್ಕೊಳವ್ವ. ಅಲ್ಲಿ ಮೂಗಿರೋದು ನಿಂಗೊಬ್ಳಿಗೇಯ. ನೀನೇ ಯೋಳು.”

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಫೋನಿಗೆ ಕಾಣುತ್ತದೇನೋ ಎಂಬ ಹಾಗೆ. “ಎಲೆ ಸೀದುದ್ದು ಮಾವ. ಸೌದೆ ಅಲ್ಲ. ಹಸಿ ಎಲೆ ಅಲ್ಲ, ಒಣಗಿದ್ದು.”

“ಜಾಸ್ತಿ ಆಯ್ತಾ ಅದಾ?”

“ಇಲ್ಲ. ಅಷ್ಟೇ ಅದೆ.”

“ಕೆಳುಗ್ಲ ಕಿಂಡಿ ಎಂಟೂ ತಾವ ಓಗಿ ಒಂದೊಂದ್ ಸಲ ಮೂಸು. ಎಲ್ ಜಾಸ್ತಿ ಅದೆ ನೋಡು. ಅಮ್ಮಿ, ನೀನು ಒಲೆ ಬೆಂಕಿ ಎಲ್ಲಾ ಈಚ್ಗೆ ಎಳುದ್ ಹಾಕು.”

ನಾನು ಕೊರಡುಗಳನ್ನು ಎಳೆದು ನೀರು ಸುರಿದೆ. ಅವಳು ಮಳೆಯಲ್ಲಿ ಬ್ಯಾರನ್ನಿನ ಸುತ್ತ ಬಗ್ಗಿ ಬಗ್ಗಿ ನಡೆದಳು. ಪ್ರತಿ ಕಿಂಡಿಗೂ ಒಂದು ಉಸಿರು, ನಡುವೆ ಮುಖ ತಿರುಗಿಸಿ ಹೊರಗಿನ ಗಾಳಿ. ಬಾಗಿಲಿನಿಂದ ಎಡಕ್ಕೆ ಮೂರನೆಯ ಕಿಂಡಿಯಲ್ಲಿ ಕೆಮ್ಮಿದಳು. ನಾಲ್ಕನೆಯದಕ್ಕೆ ಹೋಗಿ ಮತ್ತೆ ಮೂರಕ್ಕೆ ಬಂದಳು. “ಇಲ್ಲೇ.”

ಕಿಂಡಿಗಳನ್ನೆಲ್ಲ ಮುಚ್ಚಿ ಕಾದೆವು. ಅವಳು ಬಾಗಿಲ ಸಂದಿಯಲ್ಲಿ ಮೂಗಿಟ್ಟು ನಿಮಿಷಕ್ಕೊಮ್ಮೆ “ಅಷ್ಟೇ ಅದೆ” ಎನ್ನುತ್ತಿದ್ದಳು. ಶಾಖ 134ಕ್ಕೆ ಇಳಿಯಲು ಇಪ್ಪತ್ತಾರು ನಿಮಿಷ ಹಿಡಿಯಿತು. ಒದ್ದೆ ಗೋಣಿಚೀಲ ತಲೆಗೆ ಹೊದ್ದು, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಾಗಿಲು ತೆಗೆಸಿ ಒಳಗೆ ತೆವಳಿದೆ. ಮುಖಕ್ಕೆ ಶಾಖ ಬಡಿಯಿತು. ಕಣ್ಣು ತೆರೆದಿಡಲು ಆಗುತ್ತಿರಲಿಲ್ಲ. ಎಡಗೈಯನ್ನು ಗೋಡೆಗೆ ಒತ್ತಿ ಕಿಂಡಿಗಳ ಅಂಚನ್ನು ಎಣಿಸುತ್ತ ಹೋದೆ. ಒಂದು, ಎರಡು, ಮೂರು. ಮೂರರಲ್ಲಿ ಕೊಳವೆ ತಿರುಗುವ ಕಡೆ ಮೂರು ನಾಲ್ಕು ಎಲೆಯ ಒಂದು ಗೊಂಚಲು ಬಿದ್ದಿತ್ತು. ಅಂಚು ಕಪ್ಪಾಗಿ, ಒಳಗೆ ಕೆಂಪು ಗೆರೆ ಹರಿಯುತ್ತಿತ್ತು. ಗೋಣಿಯಿಂದ ಅಮುಕಿದೆ. ಚುಯ್ಯೆಂದಿತು. ಬಾಚಿ ಹೊರಗೆ ತಂದೆ. ನನ್ನ ಮೊಣಕೈ ಕೊಳವೆಗೆ ತಾಗಿ ಸುಟ್ಟದ್ದು ಹೊರಗೆ ಬಂದ ಮೇಲೆ ಗೊತ್ತಾಯಿತು. ಒಳಗಿದ್ದದ್ದು ಐವತ್ತು ಸೆಕೆಂಡ್ ಎಂದು ಅತ್ತಿಗೆ ಎಣಿಸಿದ್ದಳು.

ಅವಳು ಒಳಕ್ಕೆ ಮೂಗು ಚಾಚಿ ಮೂರು ಉಸಿರೆಳೆದು, “ಈಗಿಲ್ಲ” ಎಂದಳು. ದೊಡ್ಡಪ್ಪ ಇನ್ನೂ ಫೋನ್ ಇಟ್ಟಿರಲಿಲ್ಲ.

ಮತ್ತೆ ಒಲೆ ಹಚ್ಚಿ 152ಕ್ಕೆ ತರಲು ಐದು ಗಂಟೆ ಬೇಕಾಯಿತು. 23ರ ಸಂಜೆ ದಂಟು ಟಕ್ಕೆಂದು ಮುರಿಯಿತು. ಅದಕ್ಕೆ ಕಿವಿ ಸಾಕು. 24ರ ಮಧ್ಯಾಹ್ನ ದೊಡ್ಡಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿನಲ್ಲಿ ಬಂದಿಳಿದರು. ಸೊಪ್ಪು ಇಳಿಸಿದೆವು. 612ರಲ್ಲಿ ಮೇಲಿನ ಅಂತಸ್ತಿನ 71 ಕಡ್ಡಿ ಕಂದಿತ್ತು. ಅದಷ್ಟೂ ‘ಕಾವು’ ಎಂಬ ಒಂದು ಪದದ ಫಲ. ಉಳಿದದ್ದು ಹಳದಿಯಾಗಿ ಬಂದಿತ್ತು.

ದೊಡ್ಡಪ್ಪ ಕಂದಿದ ಎಲೆಗಳನ್ನು ಬೆರಳಲ್ಲಿ ಉಜ್ಜಿ ನೋಡಿದರು. “ಇದು ಹೋದ್ರೆ ಹೋಯ್ತು. ಸುಳ್ಳು ಯೋಳ್ಕೊಂಡು ಒಳೀಕ್ ಓಗಿದ್ರೆ?” ಎಂದರು. ಕೊಟ್ಟಿಗೆಯಲ್ಲಿದ್ದ ಅತ್ತಿಗೆಯ ಕಡೆ ತಿರುಗಿ, “ಮುಂದ್ಲ ಬ್ಯಾರನ್ನು ಇಬ್ರೂ ಸೇರ್ಕೊಂಡು ಬೇಯ್ಸಿ” ಎಂದರು. ಅವರು ಇನ್ನೂ ಕೆಲವು ತಿಂಗಳು ಹೊಗೆಯ ಹತ್ತಿರ ಬರುವಂತಿಲ್ಲ.

ಇದನ್ನು ಬರೆಯುತ್ತಿರುವುದು ಸೆಪ್ಟೆಂಬರ್ 27ರಂದು. ನನ್ನ ಮೂಗಿಗೆ ಇದು 53ನೆಯ ದಿನ. ಆರರಲ್ಲಿ ಐದು ಈಗಲೂ ಸೊನ್ನೆ. ನಡುವೆ ಇನ್ನೂ ಎರಡು ಬ್ಯಾರನ್ ಬೇಯಿಸಿದ್ದೇವೆ. ಹುಣಸೂರಿನಿಂದ ಒದ್ದೆ ಬಟ್ಟೆಯ ಥರ್ಮಾಮೀಟರ್ ತಂದದ್ದರಿಂದ ತೇವದ ಚಿಂತೆ ಕಳೆದಿದೆ. ಆದರೆ ಬಿದ್ದ ಎಲೆಯನ್ನು ಅದು ಹೇಳುವುದಿಲ್ಲ.

ಪುಸ್ತಕದ ಎಡಗಡೆಯ ಸಾಲುಗಳನ್ನು ಮೂರನೆಯ ಬ್ಯಾರನ್ ಇಳಿಸಿದ ಮೇಲೆ ಎಣಿಸಿದೆ. ಆಗಸ್ಟ್ ಬ್ಯಾರನ್ನಿನಲ್ಲಿ ಅತ್ತಿಗೆ ವಾಸನೆಗೆ 23 ಬೇರೆ ಬೇರೆ ಮಾತು ಹೇಳಿದ್ದಳು. ಎರಡನೆಯದರಲ್ಲಿ 15. ಮೂರನೆಯದರಲ್ಲಿ 6. ಅನುಮಾನ ಬಂದು, ಸೆಪ್ಟೆಂಬರ್ 16ರಂದು ಅವಳಿಗೆ ತಿಳಿಯದಂತೆ ಅವಳ ಬೆನ್ನ ಹಿಂದೆ ಆರು ಹೆಜ್ಜೆ ದೂರದಲ್ಲಿ ಒಂದು ಒಣ ಎಲೆಯನ್ನು ಕೆಂಡಕ್ಕೆ ತಾಗಿಸಿದೆ. ಅವಳು ಬಟ್ಟೆ ಮಡಚುತ್ತಲೇ ಇದ್ದಳು. ಮೂರು ಹೆಜ್ಜೆಗೆ ತಂದೆ. ಆಗ ತಲೆಯೆತ್ತಿ, “ಏನೋ ಸೀಯ್ತಾ ಅದಾ?” ಎಂದು ಕೇಳಿದಳು. ಆಗಸ್ಟ್‌ನಲ್ಲಿ ಅವಳು ಅದನ್ನು ಇಟ್ಟಿಗೆ ಗೋಡೆಯ ಆಚೆಯಿಂದ ಹಿಡಿದಿದ್ದಳು. ಅವಳಿಗೆ ಇಲ್ಲಿನ ಗಾಳಿ ಒಗ್ಗುತ್ತಿದೆ. ಮನೆಯವರಿಗೆಲ್ಲ ಅದು ಸಂತೋಷ, ಅವಳಿಗೂ.

ಈಗ ಅವಳನ್ನು ಎಂಟು ದಿನ ತವರಿಗೆ ಕಳಿಸಿದ್ದೇವೆ. 29ಕ್ಕೆ ಬರುತ್ತಾಳೆ. 30ರ ಬೆಳಿಗ್ಗೆ ನಮ್ಮಿಬ್ಬರ ನಾಲ್ಕನೆಯ ಬ್ಯಾರನ್ನಿಗೆ ಒಲೆ ಹಚ್ಚುವವಳು ನಾನೇ. ಎಂಟು ದಿನ ದೂರವಿದ್ದರೆ ಮೂಗು ಮತ್ತೆ ಹೊಸದಾಗುತ್ತದೆಯೇ, ಎಷ್ಟು ದಿನ ಹಾಗೆ ಉಳಿಯುತ್ತದೆ, ದಿನಾ ಒಂದೇ ವಾಸನೆಯ ನಡುವೆ ಕೆಲಸ ಮಾಡುವವರು ಅದನ್ನು ಹೇಗೆ ಕಾಪಾಡಿಕೊಳ್ಳುತ್ತಾರೆ ಎಂದು ಬಲ್ಲವರು ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಜ್ವರದಲ್ಲಿ ಹೋದ ವಾಸನೆ ಮರಳಿ ಪಡೆದವರಿದ್ದರೆ ಎಷ್ಟನೆಯ ದಿನ ಬಂತು, ಮೊದಲು ಬಂದದ್ದು ಯಾವುದರ ವಾಸನೆ ಎಂಬುದನ್ನೂ ಬರೆಯಿರಿ. ದಿನಾಂಕ ಇದ್ದರೆ ಒಳ್ಳೆಯದು. ಮಳೆಗಾಲ ಮುಗಿಯುವುದರೊಳಗೆ ಇನ್ನೂ ಎರಡು ಬ್ಯಾರನ್ ಬಾಕಿ ಇವೆ.